ಕರುವಿನ ಹೆಸರು ಹೊತ್ತ ನಾಡು

ಯೂರೋಪಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಕ್ರಿಸ್ತನಿಗಿಂತ ತೊಂಬತ್ತು ವರ್ಷ ಹಿಂದಿನ ಕೆಲವು ಬೆಳ್ಳಿಯ ನಾಣ್ಯಗಳಿವೆ. ಗಾತ್ರದಲ್ಲಿ ನಮ್ಮ ಹಳೆಯ ನಾಲ್ಕಾಣೆಯಷ್ಟು. ಅವುಗಳಲ್ಲೊಂದರ ಮೇಲೆ ಗೂಳಿಯೊಂದು ತೋಳವನ್ನು ನೆಲಕ್ಕೆ ಕೆಡವಿ ಕೊಂಬಿನಿಂದ ಇರಿಯುತ್ತಿರುವ ಚಿತ್ರವಿದೆ. ತೋಳ ಯಾರೆಂದು ಊಹಿಸುವುದು ಕಷ್ಟವಲ್ಲ. ರೋಮ್ಯುಲಸ್ ಮತ್ತು ರೀಮಸ್ ಎಂಬ ಅವಳಿ ಶಿಶುಗಳಿಗೆ ಮೊಲೆಯೂಡಿದ ತಾಯಿತೋಳವನ್ನು ರೋಮ್ ನಗರವು ತನ್ನ ಗುರುತಾಗಿ ಇರಿಸಿಕೊಂಡಿತ್ತು. ಹಾಗಾದರೆ ರೋಮಿನ ಮೇಲೆ ಎರಗಿರುವ ಈ ಗೂಳಿ ಯಾರು? ಅದೇ ಕೂಟದವರು ಅಚ್ಚು ಹಾಕಿಸಿದ ನಾಣ್ಯಗಳಲ್ಲಿ ಉತ್ತರವೂ ಇದೆ. ಬಲದಿಂದ ಎಡಕ್ಕೆ ಓದಬೇಕಾದ ಆಸ್ಕನ್ ಎಂಬ ಪುರಾತನ ಭಾಷೆಯ ಲಿಪಿಯಲ್ಲಿ ‘ವೀತೇಲಿಯು’ ಎಂದು ಬರೆದಿದೆ. ‘ಇಟಲಿ’ ಎಂದು ನಾವು ಕರೆಯುವ ಹೆಸರೇ ಅದು.

‘ಇಟಾಲಿಯನ್’ ಎಂಬ ಮಾತನ್ನು ನಾವು ಬಹು ಸಲೀಸಾಗಿ ಆಡುತ್ತೇವೆ. ಮನೆ ಕಟ್ಟಿಸುವ ಯಜಮಾನರು ಇಟಾಲಿಯನ್ ಅಮೃತಶಿಲೆಯ ಬೆಲೆಯನ್ನು ವಿಚಾರಿಸಿ ನಿಟ್ಟುಸಿರು ಬಿಡುತ್ತಾರೆ. ಮಕ್ಕಳು ಭಾನುವಾರದ ಸಂಜೆ ಇಟಾಲಿಯನ್ ತಿಂಡಿಯೇ ಬೇಕೆಂದು ಹಟ ಹಿಡಿಯುತ್ತಾರೆ. ಮಾತು ಇಷ್ಟು ಬಳಕೆಯದಾದುದರಿಂದಲೇ ಅದಕ್ಕೊಂದು ಅರ್ಥವಿರಬಹುದೆಂಬುದು ನಮಗೆ ತೋಚುವುದಿಲ್ಲ. ಆದರೆ ಊರುಗಳಿಗಿರುವಂತೆ ಹೆಸರುಗಳಿಗೂ ಚರಿತ್ರೆಯುಂಟು. ಈ ಹೆಸರಿನ ಚರಿತ್ರೆಯಂತೂ ದನದ ಮಂದೆಯೊಂದರ ನಡುವೆ ಪ್ರಾರಂಭವಾಗಿ, ರಣರಂಗವನ್ನು ಹಾಯ್ದು, ಪರದೇಶದ ಹಡಗುಕಟ್ಟೆಗಳಲ್ಲಿ ಅಲೆದು, ಇಂದಿಗೂ ತೀರದ ಒಂದು ವ್ಯಾಜ್ಯದವರೆಗೆ ಬಂದು ನಿಂತಿದೆ.

ತಪ್ಪಿಸಿಕೊಂಡ ಕರು

ಗ್ರೀಕರಿಗೆ ಪ್ರತಿಯೊಂದು ಹೆಸರಿಗೂ ಒಂದು ಕಥೆ ಬೇಕು. ಈ ವಿಷಯದಲ್ಲಿ ಅವರು ನಮ್ಮ ಸ್ಥಳಪುರಾಣಗಳನ್ನು ಬರೆದವರಿಗೆ ಸೋದರರೇ ಸರಿ. ಕ್ರಿ. ಪೂ. 5ನೆಯ ಶತಮಾನದ ಹೆಲ್ಲಾನಿಕಸನು ಹೇಳಿದ ಕಥೆಯೊಂದನ್ನು, ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ರೋಮಿನಲ್ಲಿ ನೆಲೆಸಿದ್ದ ಡಯೊನೀಸಿಯಸನು ಎತ್ತಿ ಬರೆದಿಟ್ಟಿದ್ದಾನೆ. ಮಹಾಬಲಿಯಾದ ಹರ್ಕ್ಯುಲೀಸನು ಪಶ್ಚಿಮದ ಅಂಚಿನಲ್ಲಿದ್ದ ಗೆರ್ಯಾನನೆಂಬ ದೈತ್ಯನ ದನಗಳನ್ನು ಹೊಡೆದುಕೊಂಡು ಹಿಂದಿರುಗುತ್ತಿದ್ದಾಗ, ಮಂದೆಯೊಳಗಿನ ಕರುವೊಂದು ತಪ್ಪಿಸಿಕೊಂಡು ಓಡಿತು. ಅದು ನಾಡಿನುದ್ದಕ್ಕೂ ಓಡಿ, ಕಡಲನ್ನು ಈಜಿ ಸಿಸಿಲಿಯನ್ನು ಸೇರಿತು. ಹರ್ಕ್ಯುಲೀಸನು ಕಂಡಕಂಡವರನ್ನೆಲ್ಲ ‘ಕರುವನ್ನು ಕಂಡಿರಾ?’ ಎಂದು ಕೇಳುತ್ತ ಹೋದನು. ಗ್ರೀಕ್ ಭಾಷೆ ಅರಿಯದ ಆ ಜನರು ತಮ್ಮ ಮಾತಿನಲ್ಲಿ ಅದನ್ನು ‘ವಿತುಲುಸ್’ ಎಂದರು. ಕರು ಓಡಿದ ನೆಲವನ್ನೆಲ್ಲ ಹರ್ಕ್ಯುಲೀಸನು ‘ವಿತುಲಿಯ’ ಎಂದು ಕರೆದನಂತೆ.

ಇದನ್ನು ಚರಿತ್ರೆಯೆಂದು ನಂಬುವವರಿಲ್ಲ. ಆದರೆ ಕಥೆಯೊಳಗೆ ಸಿಕ್ಕಿಕೊಂಡಿರುವ ಪದ ಸುಳ್ಳಲ್ಲ. ಲ್ಯಾಟಿನಿನಲ್ಲಿ ಕರುವಿಗೆ ವಿತುಲುಸ್ ಎಂದೇ ಹೆಸರು. ಇಂದಿನ ಇಟಾಲಿಯನ್ ಭಾಷೆಯಲ್ಲಿ ಅದು ‘ವಿತೆಲ್ಲೊ’ ಆಗಿದೆ. ನಾಣ್ಯದ ಮೇಲಿನ ವೀತೇಲಿಯು ಎಂಬುದಕ್ಕೆ ‘ಕರುಗಳ ನಾಡು’, ‘ದನಕರುಗಳಿಂದ ತುಂಬಿದ ಸೀಮೆ’ ಎಂದು ಅರ್ಥ ಹೇಳುವ ವಿದ್ವಾಂಸರೇ ಹೆಚ್ಚು. ಸಂದೇಹಪಡುವವರೂ ಉಂಟು. ಇಟಾಲಸ್ ಎಂಬ ಅರಸನಿಂದ ಈ ಹೆಸರು ಬಂದಿತೆಂದು ಥುಸಿಡೈಡೀಸನು ಬರೆದನು. ಅರಿಸ್ಟಾಟಲನೂ ಆ ಅರಸನನ್ನು ಸ್ಮರಿಸಿ, ದನ ಮೇಯಿಸಿಕೊಂಡಿದ್ದ ಜನರನ್ನು ಬೇಸಾಯಗಾರರನ್ನಾಗಿ ಮಾಡಿದವನು ಅವನೇ ಎನ್ನುತ್ತಾನೆ. ಅರಸನ ಕಥೆಯಲ್ಲಿಯೂ ದನಗಳು ಹೇಗೋ ನುಸುಳಿಕೊಂಡಿರುವುದು ತಮಾಷೆಯಾಗಿದೆ.

ವಿತುಲುಸ್ ಎಂಬುದರ ಮೊದಲಿನ ‘ವ’ಕಾರ ಎಲ್ಲಿ ಹೋಯಿತೆಂದು ಓದುಗರು ಕೇಳಬಹುದು. ಅದನ್ನು ಕಳೆದವರು ಗ್ರೀಕರು. ಅವರ ಬಹುಪಾಲು ಪ್ರಾಂತಗಳಲ್ಲಿ ಪದದ ಆದಿಯ ವಕಾರ ಕಾಲಕ್ರಮದಲ್ಲಿ ನಾಲಗೆಯಿಂದ ಜಾರಿತು. ‘ವೊಯ್ನೊಸ್’ ಆಗಿದ್ದ ದ್ರಾಕ್ಷಾರಸವು ‘ಒಯ್ನೊಸ್’ ಆಯಿತು. ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆಗಿ, ಕೆಲವು ಕಡೆಯ ಆಡುಮಾತಿನಲ್ಲಿ ‘ಆಲು’ ಎಂದೇ ಆಗಿಬಿಟ್ಟಿರುವುದನ್ನು ಬಲ್ಲವರಿಗೆ ಇದೇನೂ ಸೋಜಿಗವೆನಿಸದು. ವಕಾರವಿಲ್ಲದ ಈ ಗ್ರೀಕ್ ರೂಪವನ್ನೇ ರೋಮನರು ಎರವಲು ತೆಗೆದುಕೊಂಡರು. ತಮ್ಮ ಮನೆಯ ಕೊಟ್ಟಿಗೆಯ ಕರುವನ್ನೇ ಅವರು ಪರರ ಕೈಯಿಂದ ಗುರುತು ಸಿಗದಂತೆ ಮರಳಿ ಪಡೆದರೆನ್ನಬೇಕು.

ಆ ಕರು ನಮಗೂ ಪರಕೀಯವಲ್ಲ. ಸಂಸ್ಕೃತದಲ್ಲಿ ಕರುವಿಗೆ ‘ವತ್ಸ’ ಎಂದು ಹೆಸರು; ಲ್ಯಾಟಿನಿನ ವಿತುಲುಸ್ ಅದರ ದಾಯಾದಿ. ಎರಡಕ್ಕೂ ಮೂಲವಾದ ಧಾತುವಿನ ಅರ್ಥ ‘ವರ್ಷ’ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ವತ್ಸವೆಂದರೆ ವರ್ಷ ತುಂಬಿದ ಕರು. ಅದೇ ಬಳ್ಳಿಯಲ್ಲಿ ನಮ್ಮ ‘ವತ್ಸರ’, ‘ಸಂವತ್ಸರ’ಗಳು ಬಿಟ್ಟಿವೆ, ಕರುವನ್ನು ಕಂಡ ಹಸುವಿನ ಮನಸ್ಸಿನಿಂದ ‘ವಾತ್ಸಲ್ಯ’ ಹುಟ್ಟಿದೆ. ಯುಗಾದಿಯ ದಿನ ಪಂಚಾಂಗಶ್ರವಣದಲ್ಲಿ ನೂತನ ಸಂವತ್ಸರದ ಹೆಸರು ಕೇಳುವಾಗ, ಅದೇ ಮಾತಿನ ದೂರದ ಬಂಧುವೊಂದು ಆಲ್ಪ್ಸ್ ಪರ್ವತದಿಂದ ಸಿಸಿಲಿಯವರೆಗೆ ಹರಡಿರುವ ದೇಶದ ಹೆಸರಾಗಿದೆಯೆಂದು ನೆನೆದರೆ ಮನಸ್ಸಿಗೆ ಒಂದು ಬಗೆಯ ಹಿತವಾಗುತ್ತದೆ.

ಈ ನಂಟನ್ನು ಮೊದಲು ಮೂಸಿ ನೋಡಿದವರಲ್ಲಿ ಫ್ಲಾರೆನ್ಸಿನ ಒಬ್ಬ ವರ್ತಕನೇ ಇದ್ದಾನೆ. ಫಿಲಿಪ್ಪೊ ಸಾಸ್ಸೆಟ್ಟಿ ಎಂಬ ಆತನು ವ್ಯಾಪಾರಕ್ಕೆಂದು ನಮ್ಮ ಪಶ್ಚಿಮ ಕರಾವಳಿಗೆ ಬಂದು, 1588ರಲ್ಲಿ ಗೋವೆಯಲ್ಲಿ ತೀರಿಕೊಂಡನು. ಮೆಣಸಿನ ಲೆಕ್ಕದ ನಡುವೆಯೂ ಆತನ ಕಿವಿ ಚುರುಕಾಗಿಯೇ ಇತ್ತು. ಸಪ್ತಕ್ಕೆ ತನ್ನವರು ‘ಸೆತ್ತೆ’, ಅಷ್ಟಕ್ಕೆ ‘ಒತ್ತೊ’, ನವಕ್ಕೆ ‘ನೋವೆ’, ದೇವನಿಗೆ ‘ದಿಯೊ’, ಸರ್ಪಕ್ಕೆ ‘ಸೆರ್ಪೆ’ ಎನ್ನುವರೆಂಬುದನ್ನು ಗಮನಿಸಿ ಆತನು ಊರಿಗೆ ಪತ್ರ ಬರೆದನು. ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಸೋದರಸಂಬಂಧವನ್ನು ಸಾರಿದ್ದು 1786ರಲ್ಲಿ. ಅದಕ್ಕೆ ಇನ್ನೂ ಇನ್ನೂರು ವರ್ಷವಿದ್ದಿತು.

ಕಾಲ್ಬೆರಳಿನಿಂದ ಮೈಯೆಲ್ಲಕ್ಕೆ

ಭೂಪಟದಲ್ಲಿ ಇಟಲಿ ಎತ್ತರದ ಪಾದರಕ್ಷೆಯಂತೆ ಕಾಣುವುದಷ್ಟೆ. ಮೊದಲು ಇಟಲಿಯೆನಿಸಿಕೊಂಡದ್ದು ಅದರ ತುದಿಬೆರಳು ಮಾತ್ರ. ಇಂದು ಕಲಾಬ್ರಿಯ ಎನ್ನುವ ಪ್ರಾಂತದ ದಕ್ಷಿಣದ ತುಂಡು. ಎರಡು ಕೊಲ್ಲಿಗಳ ನಡುವೆ ಅರ್ಧ ದಿನದ ಹಾದಿಯಷ್ಟು ಕಿರಿದಾದ ಜಾಗವೊಂದಿದೆ, ಅದರಿಂದ ಕೆಳಗಿನದೇ ಮೊದಲ ಇಟಲಿ ಎಂದು ಅರಿಸ್ಟಾಟಲನು ಎಲ್ಲೆಯನ್ನೂ ಗುರುತಿಸಿದ್ದಾನೆ. ಅಲ್ಲಿ ಬಂದು ಹಡಗಿನಿಂದಿಳಿದ ಗ್ರೀಕ್ ವಲಸೆಗಾರರು ತಾವು ಕಂಡ ನೆಲಕ್ಕೆ ಆ ಹೆಸರನ್ನಿಟ್ಟರು. ಅವರು ಒಳನಾಡನ್ನು ಕಂಡಂತೆಲ್ಲ ಹೆಸರೂ ಅವರ ಹಿಂದೆ ನಡೆಯಿತು. ಸಿಂಧೂ ನದಿಯ ಹೆಸರು ಇಡೀ ಭರತಖಂಡಕ್ಕೆ ಅಂಟಿದ ಬಗೆಯೂ ಇಂತಹುದೇ. ಕ್ರಿ. ಪೂ. 49ರಲ್ಲಿ ಜೂಲಿಯಸ್ ಸೀಸರನು ಸೈನ್ಯಸಹಿತ ದಾಟಿದ ರೂಬಿಕನ್ ಎಂಬ ಪುಟ್ಟ ಹೊಳೆಯೇ ಆಗಿನ ಇಟಲಿಯ ಉತ್ತರದ ಬೇಲಿ. ಮಿಲಾನ್, ಟ್ಯೂರಿನ್‌ಗಳಿರುವ ಬಯಲು ಇಟಲಿಗೆ ಸೇರಿದುದು ಕ್ರಿ. ಪೂ. 42ರಲ್ಲಿ. ಸಿಸಿಲಿ ದ್ವೀಪವು ಆಡಳಿತದ ಲೆಕ್ಕದಲ್ಲಿ ಇಟಲಿಯಾಗಲು ಇನ್ನೂ ಮುನ್ನೂರು ವರ್ಷಗಳು ಬೇಕಾದುವು; ಹರ್ಕ್ಯುಲೀಸನ ಕರು ಮಾತ್ರ ಎಂದೋ ಅಲ್ಲಿಗೆ ಈಜಿತ್ತು!

ನೆಲಕ್ಕೆ ಹೆಸರಾದುದು ಹೀಗೆ. ಜನರು ಅದನ್ನು ತಮ್ಮದೆಂದು ಕೊರಳೆತ್ತಿ ಹೇಳಿದುದು ಯಾವಾಗ? ಇಲ್ಲಿಗೆ ನಾವು ಮತ್ತೆ ಆ ನಾಣ್ಯದ ಬಳಿಗೆ ಬರಬೇಕು.

ರೋಮ್ ಒಂದು ನಗರ. ಅದು ನೆರೆಯ ಜನಾಂಗಗಳನ್ನೆಲ್ಲ ಒಂದೊಂದಾಗಿ ಸೋಲಿಸಿ ‘ಮಿತ್ರರು’ ಎಂಬ ಗೌರವದ ಹೆಸರನ್ನು ಕೊಟ್ಟಿತ್ತು. ಹೆಸರಿನಲ್ಲಿದ್ದಷ್ಟು ಮಿತ್ರತ್ವ ವ್ಯವಹಾರದಲ್ಲಿರಲಿಲ್ಲ. ಮಾರ್ಸಿ, ಸಾಮ್ನೈಟ್, ಪೆಲಿಗ್ನಿ ಮುಂತಾದ ಗುಡ್ಡಗಾಡಿನ ಜನರು ರೋಮಿನ ಸೈನ್ಯಕ್ಕೆ ತಮ್ಮ ಮಕ್ಕಳನ್ನು ಕಳುಹಿಸಬೇಕು; ಆಫ್ರಿಕದಲ್ಲಿ, ಸ್ಪೇನಿನಲ್ಲಿ, ಏಷ್ಯದಲ್ಲಿ ಆ ಮಕ್ಕಳು ರೋಮಿಗಾಗಿ ಸಾಯಬೇಕು; ಆದರೆ ರೋಮಿನ ಸಭೆಯಲ್ಲಿ ಅವರಿಗೆ ಮತವಿಲ್ಲ, ಪೌರನಿಗಿದ್ದ ರಕ್ಷಣೆಯಿಲ್ಲ. ಅವರಿಗೂ ಪೌರತ್ವ ಕೊಡಿಸಲು ಹೊರಟ ಮಾರ್ಕಸ್ ಲಿವಿಯಸ್ ಡ್ರೂಸಸ್ ಎಂಬ ರೋಮನ್ ಜನಪ್ರತಿನಿಧಿಯು ಕ್ರಿ. ಪೂ. 91ರಲ್ಲಿ ಕೊಲೆಯಾದನು. ಸಹನೆಯ ಕಟ್ಟೆ ಒಡೆಯಿತು.

ದಂಗೆಯೆದ್ದವರು ಬೆಟ್ಟಗಳ ನಡುವಣ ಕೊರ್ಫೀನಿಯಂ ಎಂಬ ಊರನ್ನು ರಾಜಧಾನಿಯಾಗಿ ಮಾಡಿಕೊಂಡು, ಅದಕ್ಕೆ ‘ಇಟಾಲಿಕ’ ಎಂದು ಹೊಸ ಹೆಸರಿಟ್ಟರು. 500 ಮಂದಿಯ ಒಂದು ಹಿರಿಯರ ಸಭೆ, ವರ್ಷಕ್ಕೆ ಇಬ್ಬರಂತೆ ಕಾನ್ಸಲ್‌ಗಳು. ಎಲ್ಲವೂ ರೋಮಿನ ಪಡಿಯಚ್ಚು. ಶತ್ರುವಿನ ಮನೆಯ ನಕ್ಷೆಯನ್ನೇ ನೋಡಿ ಅವರು ಮನೆ ಕಟ್ಟಿದರು. ತಮ್ಮೊಳಗೆ ಭಾಷೆ ಬೇರೆ, ಕುಲ ಬೇರೆ, ದೇವರು ಬೇರೆಯಾದ ಈ ಜನರಿಗೆಲ್ಲ ಸಲ್ಲುವಂತಹ ಒಂದು ಹೆಸರು ಬೇಕಾಯಿತು. ಕರುವಿನ ಹೆಸರು ಸಿದ್ಧವಾಗಿತ್ತು. ಕೆಲವು ನಾಣ್ಯಗಳ ಮೇಲೆ ಲ್ಯಾಟಿನಿನಲ್ಲಿ ಇಟಾಲಿಯ ಎಂದೂ, ಕೆಲವುಗಳ ಮೇಲೆ ಆಸ್ಕನ್ನಿನಲ್ಲಿ ವೀತೇಲಿಯು ಎಂದೂ ಅಚ್ಚೊತ್ತಿಸಿದರು. ಕಾಲ್ಬೆರಳಿನ ಕರು ಈ ವೇಳೆಗೆ ಕೊಂಬು ಮೂಡಿ ಗೂಳಿಯಾಗಿತ್ತು. ನಾಣ್ಯಗಳೇನೋ ರೋಮಿನ ದಿನಾರಿಯಸ್ಸಿನ ತೂಕದವೇ. ನಮ್ಮ ಸಂಸ್ಕೃತ ಗ್ರಂಥಗಳ ‘ದೀನಾರ’ ಎಂಬ ಪದ ಆ ದಿನಾರಿಯಸ್ಸಿನಿಂದಲೇ ಬಂದುದು. ಅಂತಹ ರೋಮನ್ ಬೆಳ್ಳಿ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲಿಯೂ ಸಿಕ್ಕಿವೆ.

ಯುದ್ಧ ಘೋರವಾಯಿತು. ರಣದಲ್ಲಿ ಕಡೆಗೆ ಗೆದ್ದವರು ರೋಮನರು. ಆದರೆ ಗೆಲ್ಲುವುದಕ್ಕೋಸ್ಕರ ಅವರು ಬೇಡಿಕೆಯನ್ನೇ ಒಪ್ಪಬೇಕಾಯಿತು. ಕ್ರಿ. ಪೂ. 90ರ ಶಾಸನವು ನಿಷ್ಠರಾಗಿ ಉಳಿದ ಮಿತ್ರರಿಗೆ ಪೌರತ್ವವನ್ನು ಕೊಟ್ಟಿತು. ಮರುವರ್ಷದ ಇನ್ನೊಂದು ಶಾಸನವು ಮಿತ್ರನಗರಗಳ ಪಟ್ಟಿಯಲ್ಲಿ ಸೇರಿ ಇಟಲಿಯಲ್ಲಿ ವಾಸವಾಗಿದ್ದವರು 60 ದಿನಗಳೊಳಗಾಗಿ ಅಧಿಕಾರಿಯ ಮುಂದೆ ಬಂದು ಹೆಸರು ಬರೆಸಿದರೆ ಅವರೂ ಪೌರರೆಂದಿತು. ಬೇಡಿದುದು ಕೈಗೆ ಬಂದ ಮೇಲೆ ‘ಇಟಲಿಯವರು’ ಎಂಬ ಹೆಸರಿನ ಬಿಸಿ ಆರಿತು. ಎಲ್ಲರೂ ರೋಮನರಾದರು. ಆಸ್ಕನ್ ಭಾಷೆ ಮೆಲ್ಲಮೆಲ್ಲನೆ ಆಡುವವರಿಲ್ಲದೆ ಸತ್ತುಹೋಯಿತು.

ಪರರ ಬಾಯಲ್ಲಿ

ಸಾಮ್ರಾಜ್ಯ ಉರುಳಿದ ಬಳಿಕ ಈ ಹೆಸರಿಗೆ ಒದಗಿದ ಅವಸ್ಥೆ ವಿಚಿತ್ರವಾದುದು. ಹನ್ನೊಂದನೆಯ ಶತಮಾನದಲ್ಲಿ ಜರ್ಮನ್ ಚಕ್ರವರ್ತಿಗಳ ‘ಇಟಲಿ ರಾಜ್ಯ’ವು ಉತ್ತರದ ಪಾವಿಯ, ಮಿಲಾನ್‌ಗಳ ಸುತ್ತ ಇದ್ದರೆ, ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಗಳ ‘ಇಟಲಿ’ಯು ದಕ್ಷಿಣದ ಬಾರಿ ಪಟ್ಟಣದಿಂದ ಆಳಲ್ಪಡುತ್ತಿದ್ದಿತು. ನಡುವಣ ರೋಮ್ ನಗರ ಎರಡಕ್ಕೂ ಸೇರದೆ ಪೋಪರದಾಗಿದ್ದಿತು. ಅತ್ತ ಪೋಲೆಂಡಿನವರು ಇಂದಿಗೂ ಇಟಲಿಯನ್ನು ‘ವ್ಲೋಹಿ’ ಎನ್ನುತ್ತಾರೆ. ಹಂಗೇರಿಯವರಿಗೆ ಇಟಲಿಯವನು ‘ಓಲಾಸ್’. ಎರಡೂ ‘ಪರಕೀಯ’ ಎಂದು ಅರ್ಥ ಕೊಡುವ ಹಳೆಯ ಜರ್ಮಾನಿಕ್ ಪದದಿಂದ ಹೊರಟವು. ಬ್ರಿಟನ್ನಿನ ವೆಲ್ಷ್ ಜನರ ಹೆಸರೂ ಅದರಿಂದಲೇ ಬಂದಿದೆ. ಅಯೋನಿಯದ ಗ್ರೀಕನಿಗೆ ನಾವಿಟ್ಟ ‘ಯವನ’ ಎಂಬ ಹೆಸರು ಆಮೇಲೆ ಪಡುವಣದಿಂದ ಬಂದ ಯಾರಿಗೆಂದರೆ ಅವರಿಗೆ ಅಂಟಿದಂತೆ.

ಲ್ಯಾಟಿನಿನ ‘ಇಟಾಲುಸ್’, ‘ಇಟಾಲಿಕುಸ್’ ಎಂಬ ರೂಪಗಳು ಹಿಂದೆ ಸರಿದು, ‘ಇಟಾಲಿಯಾನೊ’ ಎಂಬುದು ಬಳಕೆಗೆ ಬಂದುದು ಮಧ್ಯಯುಗದಲ್ಲಿ. ತನ್ನನ್ನು ತಾನು ಹಾಗೆ ಕರೆದುಕೊಂಡ ಹಿರಿಯರಲ್ಲಿ ಫ್ಲಾರೆನ್ಸಿನ ಬ್ರುನೆಟ್ಟೊ ಲಾಟೀನಿ ಒಬ್ಬನು. ಆತನು 1260ರ ಬಳಿಕ ರಾಜಕೀಯ ವಿರಸದಿಂದ ದೇಶಭ್ರಷ್ಟನಾಗಿ ಫ್ರಾನ್ಸಿನಲ್ಲಿದ್ದಾಗ, ಫ್ರೆಂಚ್ ಭಾಷೆಯಲ್ಲಿ ಒಂದು ದೊಡ್ಡ ಜ್ಞಾನಕೋಶವನ್ನು ರಚಿಸಿದನು. ತಾವು ಇಟಾಲಿಯನ್ನರಾಗಿದ್ದೂ ಫ್ರೆಂಚಿನಲ್ಲಿ ಏಕೆ ಬರೆಯಬೇಕೆಂದು ಯಾರಾದರೂ ಕೇಳಿಯಾರೆಂದು ಅಂಜಿ ಮೊದಲಲ್ಲೇ ಸಮಾಧಾನ ಹೇಳಿಕೊಂಡನು. ಊರಿನಲ್ಲಿದ್ದಿದ್ದರೆ ಆತನು ಫ್ಲಾರೆನ್ಸಿನವನು. ಪರದೇಶದಲ್ಲಿ ನಿಂತು, ಪರಭಾಷೆಯಲ್ಲಿ, ಆತನು ‘ಇಟಾಲಿಯನ್’ ಆದನು. ಈ ಪದದ ಹಣೆಬರಹವೇ ಹೀಗೆಂದು ನನಗೆ ತೋರುತ್ತದೆ: ಬಾಗಿಲ ಹೊರಗೆ ನಿಂತವರ ಬಾಯಲ್ಲಿಯೇ ಅದಕ್ಕೆ ಜೀವ ಬರುವುದು.

ಬ್ರುನೆಟ್ಟೊವನ್ನು ಗುರುಸ್ಥಾನದಲ್ಲಿಟ್ಟು ನೆನೆದ ಡಾಂಟೆ ಕವಿಯೂ ದೇಶಭ್ರಷ್ಟನೇ. 1300ರ ಆಚೆಯ ವರ್ಷಗಳಲ್ಲಿ ಆತನು ಊರೂರು ಅಲೆಯುತ್ತ, ನಾಡಿನ ಆಡುನುಡಿಗಳ ಮೇಲೆ ಲ್ಯಾಟಿನಿನಲ್ಲಿ ಒಂದು ಪ್ರಬಂಧ ಬರೆದು, ಹದಿನಾಲ್ಕು ಬಗೆಯ ನುಡಿಗಳನ್ನು ಎಣಿಸಿ, ಎಲ್ಲವನ್ನೂ ತೂಗಿ, ಯಾವುದೂ ಸಾಲದೆಂದನು. ತನ್ನ ಊರಿನ ಮಾತನ್ನೂ ಬಿಡಲಿಲ್ಲ. ಯಾವ ಊರಿಗೂ ಸೇರದೆ ಎಲ್ಲ ಊರಿನಲ್ಲಿಯೂ ಸುಗಂಧ ಬೀರುವ ಒಂದು ಶಿಷ್ಟ ಭಾಷೆ ಆತನಿಗೆ ಬೇಕಾಗಿತ್ತು. ಆತನಿಗಿಂತ ನಾಲ್ಕೂವರೆ ಶತಮಾನ ಮೊದಲೇ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಅಳೆದು ಕನ್ನಡದ ತಿರುಳು ಎಲ್ಲಿಯದೆಂದು ವಿಚಾರಿಸಿದ್ದುದನ್ನು ನೆನೆದು ನಾವು ಸ್ವಲ್ಪ ಬೀಗಿದರೆ ತಪ್ಪಿಲ್ಲ.

ಅಚ್ಚಿನ ಮೊಳೆಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು. 1501ರಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಷಿಯಸ್‌ನು ವರ್ಜಿಲ್ ಕವಿಯ ಕೃತಿಗಳನ್ನು ಬಲಕ್ಕೆ ಬಾಗಿದ ಓರೆ ಅಕ್ಷರಗಳಲ್ಲಿ ಅಚ್ಚು ಹಾಕಿದನು. ಜಗತ್ತು ಅವನ್ನು ‘ಇಟಾಲಿಕ್’ ಎನ್ನುತ್ತದೆ. ಇಟಲಿಯವರು ಮಾತ್ರ ಹಾಗೆನ್ನುವುದಿಲ್ಲ. ಅವರಿಗೆ ಅದು ‘ಕೊರ್ಸೀವೊ’, ಓಡುಬರಹ.

ನಮ್ಮ ನಾಡಿಗೆ ಬಂದ ಇಟಲಿಯವರನ್ನು ನೋಡಿದರೂ ಇದೇ ಮಾತು. 1420ರ ಸುಮಾರಿಗೆ ವಿಜಯನಗರವನ್ನು ಕಂಡು ಬೆರಗಾದ ನಿಕೊಲೊ ಕಾಂಟಿ ವೆನಿಸ್ ರಾಜ್ಯದವನು. ಮುಂದಿನ ಶತಮಾನದ ಆದಿಯಲ್ಲಿ ಅಲ್ಲಿಗೆ ಬಂದ ವರ್ತೇಮನು ಬೊಲೊನ್ಯದವನು. 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನ ಆಸ್ಥಾನವನ್ನು ವರ್ಣಿಸಿದ ಪಿಯೆತ್ರೊ ದೆಲ್ಲಾ ವಾಲೆ ರೋಮಿನ ಕುಲೀನ. ನಮ್ಮ ಪಠ್ಯಪುಸ್ತಕಗಳು ಇವರೆಲ್ಲರನ್ನೂ ಒಂದೇ ಮಾತಿನಲ್ಲಿ ‘ಇಟಲಿಯ ಪ್ರವಾಸಿಗಳು’ ಎಂದುಬಿಡುತ್ತವೆ. ಅವರ ಕಾಲದಲ್ಲಿ ಆ ಹೆಸರಿನ ಪ್ರಭುತ್ವವಾಗಲಿ ಪ್ರಜೆಯಾಗಲಿ ಇರಲಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ ಛಾವಣಿಗಳನ್ನು 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದ ಆಂಟೋನಿಯೊ ಮೊಸ್ಕೇನಿಯ ಸಂಗತಿ ಇನ್ನೂ ಸ್ವಾರಸ್ಯ. ಆತನು 1854ರಲ್ಲಿ ಬೆರ್ಗಮೊ ಪಟ್ಟಣದ ಬಳಿ ಹುಟ್ಟಿದಾಗ ಆ ಸೀಮೆ ಆಸ್ಟ್ರಿಯದ ಚಕ್ರವರ್ತಿಯದಾಗಿತ್ತು. ಆತನಿಗೆ ಐದು ವರ್ಷವಾದಾಗ ಆಸ್ಟ್ರಿಯ ಸೋತು ಪ್ರಾಂತವನ್ನು ಬಿಟ್ಟುಕೊಟ್ಟಿತು. ಏಳು ವರ್ಷವಾದಾಗ ಇಟಲಿ ರಾಜ್ಯ ಹುಟ್ಟಿತು. ಮನೆಯಂಗಳದಲ್ಲಿ ಆಡಿಕೊಂಡಿದ್ದಂತೆಯೇ ಬಾಲಕನು ಇಟಾಲಿಯನ್ ಆಗಿಬಿಟ್ಟನು.

ಹೆಸರಿಗೆ ತಕ್ಕ ಜನ

ಆಸ್ಟ್ರಿಯದ ಮಂತ್ರಿ ಮೆಟ್ಟರ್ನಿಕ್ಕನು 1847ರಲ್ಲಿ ಇಟಲಿಯೆಂಬುದು ಭೂಗೋಳದ ಒಂದು ಪದವಷ್ಟೇ ಎಂದು ಬರೆದನು. ಮೂದಲಿಕೆಯೆಂದು ಅದನ್ನು ತೆಗೆದುಕೊಂಡು ದೇಶಭಕ್ತರು ಕೆರಳಿದರು. ಮಾಟ್ಸೀನಿ 1831ರಲ್ಲಿ ‘ತರುಣ ಇಟಲಿ’ ಸಂಘವನ್ನು ಕಟ್ಟಿದುದೂ ಹೊರನಾಡಿನಲ್ಲೇ, ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ. ಆತನ ಹೆಸರು, ಗ್ಯಾರಿಬಾಲ್ಡಿಯ ಹೆಸರು ನಮ್ಮ ಸ್ವಾತಂತ್ರ್ಯ ಹೋರಾಟದ ಕಾಲದ ತರುಣರಿಗೆ ಮಂತ್ರವಾಗಿದ್ದವು. ಆ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1861ರ ಮಾರ್ಚ್ 17ರಂದು ಟ್ಯೂರಿನ್ ನಗರದಲ್ಲಿ ಇಟಲಿ ರಾಜ್ಯದ ಘೋಷಣೆಯಾಯಿತು. ವೆನಿಸ್ 1866ರಲ್ಲಿ, ರೋಮ್ 1870ರಲ್ಲಿ ಸೇರಿದುವು.

ದೇಶವಾಯಿತು, ಜನ? ಸುಮಾರು ಎರಡು ಕೋಟಿ ಇಪ್ಪತ್ತು ಲಕ್ಷ ಪ್ರಜೆಗಳಲ್ಲಿ ಇಟಾಲಿಯನ್ ಭಾಷೆ ಬಲ್ಲವರು ನೂರಕ್ಕೆ ಎರಡೂವರೆ ಮಂದಿ ಮಾತ್ರವೆಂದು ತುಲ್ಲಿಯೊ ದೆ ಮೌರೊ ಎಂಬ ವಿದ್ವಾಂಸರು 1963ರಲ್ಲಿ ಲೆಕ್ಕ ಹಾಕಿದರು. ಇನ್ನೊಬ್ಬರು ಅದನ್ನು ನೂರಕ್ಕೆ ಹತ್ತರ ಹತ್ತಿರಕ್ಕೆ ಏರಿಸಿದರು. ಯಾವ ಲೆಕ್ಕವನ್ನು ಒಪ್ಪಿದರೂ, ತೊಂಬತ್ತು ಮಂದಿಗೆ ತಮ್ಮದೇ ದೇಶಭಾಷೆ ತಿಳಿಯದು. ನೇಪಲ್ಸಿನವನ ಮಾತು ಟ್ಯೂರಿನ್ನಿನವನಿಗೆ ಅರ್ಥವಾಗದು. ಹೊಸ ರಾಜ್ಯದ ಶಿಲ್ಪಿಯಾದ ಕಾವೂರ್ ಮಂತ್ರಿಗೆ ಇಟಾಲಿಯನ್ನಿಗಿಂತ ಫ್ರೆಂಚ್ ಹೆಚ್ಚು ಸರಾಗ. ಇಟಲಿಯನ್ನೇನೋ ಮಾಡಿಯಾಯಿತು, ಇಟಾಲಿಯನ್ನರನ್ನು ಇನ್ನು ಮಾಡಬೇಕಾಗಿದೆ ಎಂಬ ಮಾತು ಮಾಸ್ಸಿಮೊ ದಾಟ್ಸೆಲ್ಯೊ ಎಂಬ ಮುತ್ಸದ್ದಿಯ ಹೆಸರಿನಲ್ಲಿ ಹಬ್ಬಿತು.

ಮಾಡುವ ಕೆಲಸ ನಡೆದ ಬಗೆ ಒಂದೆರಡಲ್ಲ. ಫ್ಲಾರೆನ್ಸಿನಲ್ಲಿ 1583ರಿಂದಲೂ ‘ಕ್ರೂಸ್ಕ’ ಎಂಬ ವಿದ್ವತ್ಸಭೆಯುಂಟು. ಕ್ರೂಸ್ಕವೆಂದರೆ ಹಿಟ್ಟು ಜರಡಿ ಹಿಡಿದಾಗ ಮೇಲುಳಿಯುವ ತೌಡು. ಭಾಷೆಯನ್ನು ಜರಡಿ ಹಿಡಿದು ತೌಡನ್ನು ಬೇರ್ಪಡಿಸುತ್ತೇವೆಂದು ಆ ಪಂಡಿತರ ಹಾಸ್ಯ. ಅವರ ನಿಘಂಟು 1612ರಲ್ಲಿಯೇ ಹೊರಬಂದಿತ್ತು. ಮಿಲಾನಿನ ಮಾನ್ಟ್ಸೋನಿ ತನ್ನ ಮಹಾಕಾದಂಬರಿಯನ್ನು 1827ರಲ್ಲಿ ಪ್ರಕಟಿಸಿದ ಮೇಲೆ ಅದರ ಭಾಷೆ ಸರಿಯಿಲ್ಲವೆಂದು ಮನಸ್ಸಿಗೆ ಹತ್ತಿ, ಫ್ಲಾರೆನ್ಸಿಗೆ ಹೋಗಿ ಅಲ್ಲಿಯ ಜನರ ಬಾಯಿಮಾತನ್ನು ಕೇಳಿ, ಇಡೀ ಗ್ರಂಥವನ್ನು ತಿದ್ದಿ 1840ರಿಂದ ಮತ್ತೆ ಪ್ರಕಟಿಸಿದನು. ಆರ್ನೊ ನದಿಯಲ್ಲಿ ಬಟ್ಟೆ ಜಾಲಿಸಿಕೊಂಡು ಬಂದನೆಂದು ಜನ ಇಂದಿಗೂ ಹೇಳುತ್ತಾರೆ. ಶಾಲೆ, ಸೈನ್ಯ, ಮೊದಲ ಮಹಾಯುದ್ಧದ ಕಂದಕಗಳು ತಮ್ಮ ಪಾಲಿನ ಪಾಠ ಕಲಿಸಿದವು. 1954ರಲ್ಲಿ ಟೆಲಿವಿಷನ್ ಬಂದ ಮೇಲೆ ಪಾಠ ಮನೆಮನೆಗೂ ತಲುಪಿತು. 1960ರಿಂದ 1968ರವರೆಗೆ ಆಲ್ಬೆರ್ಟೊ ಮಾನ್ಟ್ಸಿ ಎಂಬ ಉಪಾಧ್ಯಾಯರು ಪ್ರತಿ ಸಂಜೆ ತೆರೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದು, ಓದುಬರಹವಿಲ್ಲದ ಮುದುಕರಿಗೂ ಅಕ್ಷರ ತಿದ್ದಿಸಿದರು. ಹೊತ್ತು ಮೀರಿತೆಂಬುದು ಎಂದಿಗೂ ಇಲ್ಲವೆಂಬರ್ಥದ ಹೆಸರು ಆ ಕಾರ್ಯಕ್ರಮಕ್ಕೆ.

ಆದರೆ ಎಲ್ಲಕ್ಕಿಂತ ದೊಡ್ಡ ಪಾಠಶಾಲೆ ಹಡಗು. 1876ರಿಂದ 1915ರ ನಡುವೆ ಸುಮಾರು ಒಂದು ಕೋಟಿ ನಲವತ್ತು ಲಕ್ಷ ಮಂದಿ ಬಡತನದಿಂದ ಇಟಲಿಯನ್ನು ಬಿಟ್ಟರು. ಅವರ ನಿಷ್ಠೆಯೆಲ್ಲ ಊರಿನ ಗಂಟೆಗೋಪುರದ ಸದ್ದು ಕೇಳುವಷ್ಟು ದೂರದೊಳಗಿನದು. ಆ ಮನೋಭಾವಕ್ಕೆ ಗೋಪುರದ ಹೆಸರಿನಿಂದಲೇ ಬಂದ ಪದವೊಂದು ಇಟಾಲಿಯನ್ನಿನಲ್ಲಿದೆ. ಹಳ್ಳಿಯಲ್ಲಿ ಕಲಾಬ್ರಿಯದವನು, ಜೆನೋವದವನು, ಸಿಸಿಲಿಯವನು ಎನಿಸಿಕೊಂಡಿದ್ದವನನ್ನು ನ್ಯೂಯಾರ್ಕಿನ ಮತ್ತು ಬ್ಯೂನಸ್ ಐರಿಸ್ಸಿನ ಬೀದಿ ಒಂದೇ ಹೆಸರಿನಿಂದ ಕೂಗಿತು. ಕೂಗಿದವರ ದನಿಯಲ್ಲಿ ಗೌರವವಿರಲಿಲ್ಲ. ಅಮೆರಿಕದ ವಲಸೆ ಅಧಿಕಾರಿಗಳಂತೂ 1899ರಿಂದ ‘ಉತ್ತರ ಇಟಾಲಿಯನ್’, ‘ದಕ್ಷಿಣ ಇಟಾಲಿಯನ್’ ಎಂದು ಎರಡು ಪ್ರತ್ಯೇಕ ಜನಾಂಗಗಳನ್ನೇ ಪಟ್ಟಿಯಲ್ಲಿ ಬರೆದುಕೊಂಡರು. ಊರಿನಲ್ಲಿ ತಮಗಿಲ್ಲದಿದ್ದ ಹೆಸರನ್ನು ಹೀಗೆ ಅವರು ಪರದೇಶದಲ್ಲಿ ಬೈಗಳಾಗಿ ಪಡೆದು, ಮೆಲ್ಲನೆ ಅಭಿಮಾನವಾಗಿ ಮಾಡಿಕೊಂಡರು.

ಕೊಟ್ಟಿಗೆಯಲ್ಲಿ ಹೊಸ ದನಿ

ಈಗ ಹಡಗು ದಿಕ್ಕು ಬದಲಿಸಿದೆ. ಇಟಲಿಯಲ್ಲಿ ಭಾರತದಿಂದ ಹೋದವರೇ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ. ಅವರಲ್ಲಿ ಪಂಜಾಬಿನವರು ಬಹಳ. 1980ರ ದಶಕದಿಂದ ಅವರಲ್ಲಿ ಅನೇಕರು ಪೋ ನದಿಯ ಬಯಲಿನ ಹಾಲಿನ ಸಾಕಣೆಗಳಲ್ಲಿ ಕೆಲಸಕ್ಕೆ ನಿಂತರು. ಸ್ಥಳೀಯ ತರುಣರು ನಗರಗಳ ದಾರಿ ಹಿಡಿದಿದ್ದರು. ಹಸುವಿಗೆ ಭಾನುವಾರವಿಲ್ಲ, ಬೆಳಗಿನ ಜಾವದ ಕತ್ತಲಲ್ಲೆದ್ದು ಕರೆಯಬೇಕು, ಸಂಜೆ ಮತ್ತೆ ಕರೆಯಬೇಕು. ಜಗತ್ತಿನ ಊಟದ ಮೇಜುಗಳಿಗೆ ಹೋಗುವ ಪಾರ್ಮೆಸಾನ್ ಗಿಣ್ಣಿನ ಹಾಲನ್ನು ಕರೆಯುವ ಕೈಗಳಲ್ಲಿ ಇಂದು ಪಂಜಾಬಿನ ಕೈಗಳೂ ಇವೆ. ಬೆರ್ಗಮೊದ ಕಣಿವೆಗಳಿಂದ ದನಗಳೊಡನೆ ಇಳಿದು ಬರುತ್ತಿದ್ದವರಿಗೆ ಲೊಂಬಾರ್ಡಿಯಲ್ಲಿ ‘ಬೆರ್ಗಮೀನಿ’ ಎಂಬ ಹೆಸರಿತ್ತು. ಈಗ ರುಮಾಲು ಸುತ್ತಿದ ಸರದಾರರೂ ಆ ಹೆಸರಿಗೆ ಓಗೊಡುತ್ತಾರೆ. ನೋವೆಲ್ಲಾರ ಎಂಬ ಊರಿನಲ್ಲಿ 2000ದಲ್ಲಿ ದೊಡ್ಡ ಗುರುದ್ವಾರವೇ ಎದ್ದಿತು. ಕರುಗಳ ನಾಡಿನಲ್ಲಿ ಕರು ಕಟ್ಟುವವರು ಇವರು.

ಇವರ ಮಕ್ಕಳು ಅಲ್ಲಿಯೇ ಹುಟ್ಟಿದವರು. ಶಾಲೆಯಲ್ಲಿ ಡಾಂಟೆಯನ್ನು ಕಂಠಪಾಠ ಮಾಡುತ್ತಾರೆ, ಆಯಾ ಸೀಮೆಯ ರಾಗದಲ್ಲಿಯೇ ಇಟಾಲಿಯನ್ ಆಡುತ್ತಾರೆ; ತಾಯಿತಂದೆಗಳಿಗೆ ಕಚೇರಿಯ ಕಾಗದಗಳನ್ನು ಓದಿ ಹೇಳುವವರೂ ಅವರೇ. ಆದರೆ ಇಟಾಲಿಯನ್ ಎಂದರೆ ಯಾರೆಂಬುದನ್ನು 1992ರ ಪೌರತ್ವ ಶಾಸನವು ನೆಲದಿಂದ ಅಳೆಯದೆ ರಕ್ತದಿಂದ ಅಳೆಯಿತು. ಅದರ ಪ್ರಕಾರ, ಮುತ್ತಜ್ಜನು ಇಟಲಿಯಿಂದ ಹಡಗು ಹತ್ತಿದವನೆಂದು ಕಾಗದದಿಂದ ತೋರಿಸಬಲ್ಲ ಬ್ರೆಜಿಲಿನ ಅಥವಾ ಅರ್ಜೆಂಟೀನದ ಮನುಷ್ಯನು, ಇಟಲಿಯ ಮಣ್ಣು ಮೆಟ್ಟದೆಯೂ, ಒಂದು ಮಾತು ಬಾರದೆಯೂ ಇಟಾಲಿಯನ್ ಆಗಬಹುದಾಗಿತ್ತು. ಈ ಸಡಿಲವನ್ನು 2025ರಲ್ಲಿ ಬಿಗಿಗೊಳಿಸಿ, ತಂದೆತಾಯಿ ಇಲ್ಲವೇ ಅಜ್ಜಅಜ್ಜಿಯರವರೆಗಿನ ನಂಟಿಗೆ ಬಹುಮಟ್ಟಿಗೆ ಮಿತಿ ಹಾಕಿದರು. ಅದೇ ವರ್ಷದ ಜೂನ್ 8 ಮತ್ತು 9ರಂದು ಇನ್ನೊಂದು ಬಾಗಿಲನ್ನು ತುಸು ಅಗಲಿಸಬೇಕೆಂದು, ಎಂದರೆ ಪರದೇಶೀಯರು ಪೌರತ್ವ ಕೇಳಲು ಕಾಯಬೇಕಾದ ಹತ್ತು ವರ್ಷಗಳ ವಾಸವನ್ನು ಐದಕ್ಕೆ ಇಳಿಸಬೇಕೆಂದು ಜನಮತಗಣನೆ ನಡೆಯಿತು. ಅದು ಸಿಂಧುವಾಗಲು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬರಬೇಕಾಗಿತ್ತು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿ ಬಂದರು.

ಹೀಗಾಗಿ ಪೋ ಬಯಲಿನ ದನಗಾಹಿಯ ಮಗಳಿಗೆ, ತಂದೆತಾಯಿಗಳಿಗೆ ಅಷ್ಟರೊಳಗೆ ಪೌರತ್ವ ದೊರೆಯದಿದ್ದರೆ, 1992ರ ಶಾಸನ ತೋರಿಸಿದ ದಾರಿಯೇ ಉಳಿದಿದೆ. ಹುಟ್ಟಿದಂದಿನಿಂದ ಒಂದೇ ಸಮನೆ ಆ ದೇಶದಲ್ಲಿ ವಾಸವಾಗಿದ್ದವಳು ಹದಿನೆಂಟು ತುಂಬಿದ ಮೇಲೆ, ಹತ್ತೊಂಬತ್ತು ತುಂಬುವುದರೊಳಗೆ, ಊರಿನ ಪುರಸಭೆಗೆ ಹೋಗಿ ‘ನಾನು ಇಟಾಲಿಯನ್ ಆಗಬಯಸುತ್ತೇನೆ’ ಎಂದು ಬರೆದುಕೊಡಬೇಕು. ಕ್ರಿ. ಪೂ. 89ರಲ್ಲಿ ಮಾರ್ಸಿ ಜನರಿಗೆ ರೋಮನರು ಕೊಟ್ಟಿದ್ದ ಗಡುವು ಅರುವತ್ತು ದಿನ. ಈ ಹುಡುಗಿಗೆ ಒಂದು ಸಂವತ್ಸರ.